ಅಪ್‌ಡೇಟ್: ಲಾನ್‌ನಲ್ಲಿ ನೀರು ನಿಲ್ಲುವುದು ನಿಂತಿತು

ಮಳೆ ನಿಂತು ಎರಡು ದಿನವಾದರೂ ಲಾನ್‌ನ ಒಂದು ಮೂಲೆ ಕೆಸರುಗದ್ದೆ, ಹುಲ್ಲು ಹಳದಿಯಾಗ್ತಿದೆ ಅಂತ ಕೇಳಿದ್ದೆನಲ್ಲ, ಅದು ಸರಿಹೋಯ್ತು.

ಮೊದಲು ಗುಂಡಿ ತೋಡಿ ನೋಡಿ ಅಂದವರಿಗೆ ಥ್ಯಾಂಕ್ಸ್. ಒಂದಡಿ ಆಳ ತೋಡಿ, ಒಮ್ಮೆ ನೀರು ಇಂಗಿಸಿ, ಮತ್ತೆ ತುಂಬಿಸಿ ಅಳೆದರೆ ಗಂಟೆಗೆ ಅರ್ಧ ಇಂಚೂ ಇಳಿಯಲಿಲ್ಲ. ಗುಂಡಿಯ ಗೋಡೆಯಲ್ಲೇ ಕಾರಣ ಇತ್ತು: ಮೇಲೆ 4 ಇಂಚು ಸಡಿಲ ಮಣ್ಣು, ಕೆಳಗೆ ಗಟ್ಟಿಯಾದ ಬೂದು ಜೇಡಿ, ಅದಕ್ಕೆ ಕೊಳೆತ ಮೊಟ್ಟೆಯ ವಾಸನೆ ಬೇರೆ.

ತೂತು ಹೊಡೆದು ಮರಳು ತುಂಬಿದ್ದು ಉಪಯೋಗಕ್ಕೆ ಬರಲಿಲ್ಲ. ತೂತು ಜೇಡಿಯಲ್ಲೇ ಮುಗಿದರೆ ನೀರು ಹೋಗೋದಾದರೂ ಎಲ್ಲಿಗೆ? ಜೇಡಿ ಸಡಿಲಿಸಲು ಹಾಕುವ ಜಿಪ್ಸಂ ಪುಡಿ ಕೂಡ ಅಷ್ಟೇ. ಅದು ಸೋಡಿಯಂ ಹೆಚ್ಚಿರುವ ಜೇಡಿಗೆ ಮಾತ್ರ.

ಕೆಲಸ ಮಾಡಿದ್ದು ಜಲ್ಲಿ ಕಾಲುವೆ. 18 ಇಂಚು ಆಳ, 10 ಇಂಚು ಅಗಲ, 10 ಮೀಟರಿಗೆ 10 ಸೆಂ.ಮೀ. ಇಳಿಜಾರು. ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವಂಥದ್ದು) ಹಾಸಿ, 2 ಇಂಚು ತೊಳೆದ 20 ಮಿ.ಮೀ. ಜಲ್ಲಿ, ಮೇಲೆ 4 ಇಂಚಿನ ತೂತಿನ ಪೈಪ್, ಮತ್ತೆ ಜಲ್ಲಿ. ಬಟ್ಟೆ ಮಡಚಿ ಮುಚ್ಚಿ, ಕೊನೆಯ 5 ಇಂಚಿಗೆ ಮರಳುಮಿಶ್ರಿತ ಮಣ್ಣು, ಹುಲ್ಲು. ಜಲ್ಲಿ ತೊಳೆಯದೆ ಹಾಕಿದರೆ ಅದರ ಪುಡಿಯೇ ಬಟ್ಟೆಯ ರಂಧ್ರಗಳನ್ನು ಮುಚ್ಚಿಬಿಡುತ್ತೆ. ಪೈಪಿನ ತೂತು ಕೆಳಮುಖವಾಗಿರಬೇಕು: ನೀರು ಕೆಳಗಿನಿಂದ ಏರಿ ಒಳಬರುತ್ತೆ, ಮೇಲ್ಮುಖವಾದರೆ ಪೈಪ್ ಮುಳುಗುವಷ್ಟು ನೀರು ನಿಂತ ಮೇಲೇ ಹರಿಯೋದು. ಕೊನೆಯನ್ನು ಇಂಗುಗುಂಡಿಗೆ ಬಿಡದೆ ತಗ್ಗಿನ ಚರಂಡಿಗೆ ಬಿಟ್ಟೆ. ಈ ಜೇಡಿಯಲ್ಲಿ ಇಂಗುಗುಂಡಿ ಅಂದ್ರೆ ಇನ್ನೊಂದು ತೊಟ್ಟಿ ಅಷ್ಟೇ.

ನಿರೀಕ್ಷಿಸದೇ ಇದ್ದ ಸಂಗತಿ: ನೀರಿನ ದೊಡ್ಡ ಪಾಲು ಬರ್ತಾ ಇದ್ದದ್ದು ಚಾವಣಿಯ ಪೈಪಿನಿಂದ. 50 ಚದರ ಮೀಟರ್ ಚಾವಣಿಗೆ 20 ಮಿ.ಮೀ. ಮಳೆ ಬಿದ್ದರೆ ಸಾವಿರ ಲೀಟರ್! ಅದನ್ನು ಬೇರೆ ಪೈಪಿನಲ್ಲಿ ತಿರುಗಿಸಿದೆ, ಜಲ್ಲಿ ಕಾಲುವೆಗೆ ಸೇರಿಸಿಲ್ಲ. ಮೊನ್ನೆಯ ಜೋರುಮಳೆ ನಂತರ ಮೂರು ಗಂಟೆಯಲ್ಲಿ ಮೂಲೆ ಖಾಲಿ.