ಕೋಲ್ಕತ್ತಾದಿಂದ ಸುಂದರಬನ: ಒಂದೇ ದಿನದಲ್ಲಿ ಹೋಗಿ ಬರಬಹುದಾ?

ಊರೂರು_ಸುತ್ತು:
ಜನವರಿಯಲ್ಲಿ ಕೆಲಸದ ಮೇಲೆ ಕೋಲ್ಕತ್ತಾಗೆ ಹೋಗುತ್ತಿದ್ದೇನೆ, ಅಮ್ಮನೂ ಜೊತೆಗೆ ಬರುತ್ತಾರೆ. ನಡುವೆ ಒಂದು ಭಾನುವಾರ ಖಾಲಿ ಇದೆ. ಅಷ್ಟರಲ್ಲಿ ಸುಂದರಬನ ನೋಡಿ ರಾತ್ರಿಗೆ ವಾಪಸ್ ಬರಲು ಆಗುತ್ತಾ? ಅಮ್ಮನಿಗೆ 64, ನಡೆಯುತ್ತಾರೆ, ಆದರೆ ಮೊಣಕಾಲು ನೋವಿದೆ. ಹುಲಿ ಕಂಡರೆ ಸಂತೋಷ, ಕಾಣದಿದ್ದರೂ ಪರವಾಗಿಲ್ಲ.

ಕಾಂಡ್ಲಾ_ನೆರಳು:
ಆಗುತ್ತೆ, ಆದರೆ ಏನು ನೋಡಬೇಕು ಅನ್ನೋದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ. ಕೋಲ್ಕತ್ತಾದಿಂದ ಗೋಡ್‌ಖಾಲಿ ಸುಮಾರು 100 ಕಿ.ಮೀ., ಕಾರಲ್ಲಿ ಮೂರು ಗಂಟೆ ಹಿಡಿಯುತ್ತೆ. ರಸ್ತೆ ಮುಗಿಯುವುದೇ ಅಲ್ಲಿ, ಮುಂದೆ ಎಲ್ಲಾ ದೋಣಿ. ಹೋಗಿ ಬರೋದಕ್ಕೇ ಆರು ಗಂಟೆ ಹೋದರೆ ನೀರಿನ ಮೇಲೆ ಸಿಗೋದು ನಾಲ್ಕೈದು ಗಂಟೆ ಮಾತ್ರ. ಅಷ್ಟರಲ್ಲಿ ಕಾಡಿನ ಇನ್ನೂ ಒಳಗಿರುವ ದೊಬಾಂಕಿವರೆಗೂ ಹೋಗಿ ಬರುತ್ತೇವೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ಎಲ್ಲೂ ನಿಲ್ಲದೆ ಸುಮ್ನೆ ಓಡಿಸಿಕೊಂಡು ಬರುತ್ತಾರೆ. ಸಜನೇಖಾಲಿ ಒಂದೇ ಸಾಕು. ವಾಚ್ ಟವರ್ ಇದೆ, ಮೊಸಳೆ ಕೊಳ ಇದೆ, ಕಾಡಿಗೆ ಹೋಗುವವರನ್ನು ಕಾಯುವ ಬನಬೀಬಿಯ ಗುಡಿ ಇದೆ. ಜೇನು ತರುವವರು, ಏಡಿ ಹಿಡಿಯುವವರು, ಹಿಂದೂಗಳು, ಮುಸ್ಲಿಮರು ಎಲ್ಲರೂ ಕೈಮುಗಿದೇ ಕಾಡಿಗೆ ಇಳಿಯುವುದು. ಇಬ್ಬರದ್ದೂ ಗುರುತಿನ ಚೀಟಿ ಇಟ್ಟುಕೊಳ್ಳಿ, ಪರ್ಮಿಟ್‌ಗೆ ಬೇಕು. ಅರಣ್ಯ ಇಲಾಖೆಯ ಗೈಡ್ ಕೂಡ ದೋಣಿಯಲ್ಲಿ ಇರಲೇಬೇಕು.

ಇದಕ್ಕಿಂತ ಮುಖ್ಯವಾದದ್ದು ಉಬ್ಬರ ಇಳಿತ. ದಿನಕ್ಕೆ ಎರಡು ಸಲ ನೀರು ಏರಿ ಇಳಿಯುತ್ತೆ, ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ. ಇಳಿತದಲ್ಲಿ ಕೆಸರು ದಡ ತೆರೆದುಕೊಳ್ಳುತ್ತೆ, ಏಡಿ, ಕೊಕ್ಕರೆ, ಬಿಸಿಲು ಕಾಯುವ ಮೊಸಳೆ ಎಲ್ಲಾ ಆಗಲೇ ಕಾಣೋದು. ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರುಗಳು ಉಸಿರಾಡಲು ಮೊಳೆಗಳ ಹಾಗೆ ಮಣ್ಣಿಂದ ಮೇಲೆದ್ದು ನಿಂತಿರುತ್ತವಲ್ಲ, ಉಬ್ಬರದಲ್ಲಿ ಅದ್ಯಾವುದೂ ಕಾಣದು, ಬರೀ ನೀರು ಮತ್ತು ಹಸಿರು. ಆ ಭಾನುವಾರದ ಇಳಿತ ಎಷ್ಟು ಗಂಟೆಗೆ ಅಂತ ನೋಡಿಕೊಂಡು ಹೊರಡಿ.

ರೈಲು_ಕಿಟಕಿ:
ನಾನು ಕಾರಿಲ್ಲದೆ ಹೋಗಿದ್ದೆ. ಸಿಯಾಲ್ದಾದಿಂದ ಬೆಳಗಿನ ಕ್ಯಾನಿಂಗ್ ಲೋಕಲ್, ಅಲ್ಲಿಂದ ಶೇರ್ ಆಟೋದಲ್ಲಿ ಗೋಡ್‌ಖಾಲಿ, ದೋಣಿಯಲ್ಲಿ ನದಿ ದಾಟಿದರೆ ಗೋಸಾಬಾ. ಕ್ಯಾನಿಂಗ್ ಈಗ ಸಣ್ಣ ಊರು, ಒಂದು ಕಾಲಕ್ಕೆ ಬ್ರಿಟಿಷರು ಇಲ್ಲಿ ಕೋಲ್ಕತ್ತಾಗೆ ಸಾಟಿಯಾದ ಬಂದರು ಕಟ್ಟಲು ಹೊರಟಿದ್ದರು, 1867ರ ಚಂಡಮಾರುತಕ್ಕೆ ಅದು ಹಾಳಾಯಿತು. ಗೋಸಾಬಾದಲ್ಲಿ ಹ್ಯಾಮಿಲ್ಟನ್ ಎಂಬ ಸ್ಕಾಟ್ಲೆಂಡಿನ ಜಮೀನ್ದಾರರ ಬಂಗಲೆ ನೋಡಿ, 1932ರಲ್ಲಿ ರವೀಂದ್ರನಾಥ ಟ್ಯಾಗೋರ್ ಬಂದಿದ್ದ ಊರು ಅದು. ನನಗೆ ಇಷ್ಟವಾಗಿದ್ದು ಮಾತ್ರ ಒಡ್ಡಿನ ಮೇಲಿನ ನಡಿಗೆ. ಒಂದು ಕಡೆ ನದಿ, ಇನ್ನೊಂದು ಕಡೆ ಅದಕ್ಕಿಂತ ತಗ್ಗಿನಲ್ಲಿ ಗದ್ದೆ, ಮನೆ, ಕೊಳ. ಉಬ್ಬರದ ಹೊತ್ತಲ್ಲಿ ನಿಂತು ನೋಡಿದರೆ ಆ ಮಣ್ಣಿನ ಒಡ್ಡು ಇಲ್ಲದಿದ್ದರೆ ಊರೇ ಇಲ್ಲ ಅಂತ ಗೊತ್ತಾಗುತ್ತೆ. 2009ರಲ್ಲಿ ಐಲಾ ಚಂಡಮಾರುತ ಬಂದಾಗ ಒಡ್ಡು ಒಡೆದು ಗದ್ದೆಗೆ ಉಪ್ಪುನೀರು ನುಗ್ಗಿ, ಎಷ್ಟೋ ಕಡೆ ವರ್ಷಗಟ್ಟಲೆ ಭತ್ತ ಸರಿಯಾಗಿ ಬೆಳೆಯಲೇ ಇಲ್ಲ. ಹುಲಿ ಹುಡುಕುವವರು ಈ ಊರುಗಳನ್ನು ನೋಡದೇ ದಾಟಿ ಹೋಗುತ್ತಾರೆ, ನನಗೆ ಅದು ಬೇಜಾರು.

ಆದರೆ ಅಮ್ಮನಿಗೆ ಲೋಕಲ್ ರೈಲು ಬೇಡ, ನೂಕುನುಗ್ಗಲು ಜಾಸ್ತಿ.

ಮಳೆಬಿಲ್ಲು77:
ಮೊಣಕಾಲಿನ ವಿಷಯ ಯಾರೂ ಹೇಳಲಿಲ್ಲ. ಇಳಿತದಲ್ಲಿ ನೀರು ತುಂಬಾ ಕೆಳಗೆ ಹೋಗುತ್ತೆ, ಆಗ ದೋಣಿಗೆ ಇಳಿಯಲು ಕೆಸರು ಮೆತ್ತಿದ ಮೆಟ್ಟಿಲುಗಳು ಜಾಸ್ತಿ. ನನ್ನ ಅತ್ತೆ ಹಾಗೇ ಜಾರಿ ಮಣಿಕಟ್ಟು ಉಳುಕಿಸಿಕೊಂಡರು, ಇಡೀ ದಿನ ನೋವಲ್ಲೇ ಕಳೆದರು. ಹತ್ತುವಾಗಲೂ ಇಳಿಯುವಾಗಲೂ ನೀರು ತೀರಾ ಕೆಳಗಿರದ ಹಾಗೆ ಹೊತ್ತು ನೋಡಿಕೊಳ್ಳಿ, ಇಳಿತವನ್ನು ದೋಣಿಯಲ್ಲಿ ಕೂತೇ ನೋಡಬಹುದು. ಶೌಚಾಲಯ ಇರುವ ದೋಣಿಯೇ ಬೇಕು ಅಂತ ಮೊದಲೇ ಕೇಳಿ. ಜನವರಿ ಬೆಳಿಗ್ಗೆ ನದಿ ಮೇಲೆ ಚಳಿಗಾಳಿ ಇರುತ್ತೆ, ಶಾಲು ಇರಲಿ.

ಸಾಧ್ಯವಿದ್ದರೆ ಶನಿವಾರ ಸಂಜೆಯೇ ಹೋಗಿ ಪಾಖಿರಾಲಯದಲ್ಲಿ ಉಳಿಯಿರಿ. ಗೋಸಾಬಾ ದ್ವೀಪದ ಊರು ಅದು, ಸಜನೇಖಾಲಿ ಅದರ ಎದುರಿನ ದಡದಲ್ಲೇ ಇದೆ.

ಊರೂರು_ಸುತ್ತು:
ಎಲ್ಲರಿಗೂ ಥ್ಯಾಂಕ್ಸ್. ಉಬ್ಬರ ಇಳಿತದ ಲೆಕ್ಕ ನನ್ನ ತಲೆಗೇ ಬಂದಿರಲಿಲ್ಲ. ಶನಿವಾರ ಮಧ್ಯಾಹ್ನವೇ ಬಿಡಿ ಅಂತ ಆಫೀಸಲ್ಲಿ ಕೇಳುತ್ತೇನೆ. ಬಿಟ್ಟರೆ ಪಾಖಿರಾಲಯದಲ್ಲಿ ರಾತ್ರಿ, ಇಲ್ಲದಿದ್ದರೆ ಬೆಳಿಗ್ಗೆ ಐದಕ್ಕೆ ಕಾರು, ಸಜನೇಖಾಲಿ ಮಾತ್ರ. ಒಡ್ಡಿನ ವಿಷಯ ಓದಿ ಹೇಳಿದೆ, ಅಮ್ಮ ಅದನ್ನೇ ಮೊದಲು ನೋಡಬೇಕಂತೆ. @ರೈಲು_ಕಿಟಕಿ, ಗೋಸಾಬಾದಲ್ಲಿ ಜಾಸ್ತಿ ನಡೆಯದೆ ಒಡ್ಡಿನ ಮೇಲೆ ಹತ್ತಲು ಯಾವ ಕಡೆ ಸುಲಭ?

ರೈಲು_ಕಿಟಕಿ:
ದೋಣಿ ಇಳಿದ ಜಾಗದಲ್ಲೇ ಟೋಟೋ (ಬ್ಯಾಟರಿ ರಿಕ್ಷಾ) ಸಿಗುತ್ತೆ. ಪಾಖಿರಾಲಯಕ್ಕೆ ಹೋಗುವಾಗ ನದಿ ಪಕ್ಕ ಎಲ್ಲಾದರೂ ನಿಲ್ಲಿಸು ಅನ್ನಿ, ನಿಲ್ಲಿಸುತ್ತಾರೆ.