ಪಾರ್ಕಿಂಗ್ ಕಟ್ಟಡದ ಹಳೆಯ ಲಿಫ್ಟ್: ದುರಸ್ತಿ ಸಾಕೇ, ಪೂರ್ತಿ ಬದಲಿಸಬೇಕೇ?

ಪ್ರಶ್ನೆ: ಕಾರವಾರದ ನಿವಾಸಿ

ಮಾನ್ಯರೇ, ಕಾರವಾರದಲ್ಲಿ ಕಡಲಿಗೆ ಸಮೀಪದ ಸಾರ್ವಜನಿಕ ವಾಹನ ನಿಲುಗಡೆ ಕಟ್ಟಡವೊಂದರಲ್ಲಿ ರಿಲೇ ಪ್ಯಾನೆಲ್ (ಹಳೆಯ ಕಾಲದ ವಿದ್ಯುತ್ ಸ್ವಿಚ್ಚುಗಳಿಂದ ಲಿಫ್ಟನ್ನು ನಿಯಂತ್ರಿಸುವ ಪೆಟ್ಟಿಗೆ) ಇರುವ, ಕೈಯಿಂದ ಎಳೆಯುವ ಜಾಲರಿ ಬಾಗಿಲಿನ ಹಳೆಯ ಲಿಫ್ಟ್ ಇದೆ. ಮಳೆಗಾಲದಲ್ಲಿ ಅದು ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ಆಗ ವಯಸ್ಸಾದವರು ವಾಹನಗಳು ಇಳಿಯುವ ಇಳಿಜಾರಿನಲ್ಲೇ ನಡೆದು ಬರುತ್ತಾರೆ, ನೋಡಿದರೆ ಭಯವಾಗುತ್ತದೆ. ಬದಲಿಸುವ ಪ್ರಸ್ತಾವಕ್ಕೆ ನಾಗರಿಕರ ಸಲಹೆ ಕೇಳಿದ್ದಾರೆ. ಮೋಟರು ಮತ್ತು ಪ್ಯಾನೆಲ್ ಬದಲಿಸಿದರೆ ಸಾಕೇ, ಇಡೀ ಲಿಫ್ಟ್ ಹೊಸದಾಗಬೇಕೇ? ಏನನ್ನು ಒತ್ತಿ ಬರೆಯಲಿ?

ಉತ್ತರ: ಲಿಫ್ಟ್ ನಿರ್ವಹಣೆಯ ಕೆಲಸದವನು, ಅಂಕೋಲಾ

ಮೊದಲು ಲಿಫ್ಟಿನ ಕೆಳಗಿನ ಗುಂಡಿ, ಅಂದರೆ ಪಿಟ್ ನೋಡಿಸಿ. ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಅಂತರ್ಜಲ ಮೇಲೇರಿ ಕಾಂಕ್ರೀಟಿನ ಸಂದಿಗಳಿಂದ ನೀರು ಒಸರುತ್ತದೆ. ಲಿಫ್ಟ್ ಕೆಳಗೆ ಬಡಿದರೆ ಹೊಡೆತ ತಾಳುವ ಬಫರ್, ತುರ್ತು ಸ್ವಿಚ್ಚು, ವೇಗ ಮಿತಿ ಮೀರಿದಾಗ ಲಿಫ್ಟನ್ನು ನಿಲ್ಲಿಸುವ ಗವರ್ನರಿನ ಹಗ್ಗವನ್ನು ಬಿಗಿಯಾಗಿಡುವ ಚಕ್ರ, ಇವೆಲ್ಲ ಅಲ್ಲಿಯೇ ಇರುವುದರಿಂದ, ನೀರು ನಿಲ್ಲುವ ಪಿಟ್ಟಿನ ಮೇಲೆ ಎಷ್ಟು ಬೆಲೆಯ ಲಿಫ್ಟ್ ಕೂರಿಸಿದರೂ ಅದು ಬೇಗನೆ ತುಕ್ಕಿಗೆ ಬಲಿಯಾಗುತ್ತದೆ. ಬೇಸಿಗೆಯಲ್ಲಿ ಪಿಟ್ ಒಣಗಿಯೇ ಕಾಣುತ್ತದೆ. ಜುಲೈ, ಆಗಸ್ಟ್ ತಿಂಗಳಲ್ಲಿ ಇಳಿದು ನೋಡಿ, ಆಮೇಲೆ ಅಂದಾಜುಪಟ್ಟಿ ಮಾಡಬೇಕು. ವಾಟರ್‌ಪ್ರೂಫಿಂಗ್ ಮಾಡುವುದಕ್ಕೆ ಹಳೆಯ ಲಿಫ್ಟ್ ಕಳಚಿದ ಸಮಯವೇ ಸರಿಯಾದದ್ದು.

ಲಿಫ್ಟ್ ಮೇಲೆ ಕೆಳಗೆ ಸಾಗುವ ಹಳಿಗಳು, ಅಂದರೆ ಗೈಡ್ ರೈಲುಗಳು ನೇರವಾಗಿದ್ದು ಮೇಲ್ತುಕ್ಕು ಮಾತ್ರ ಇದ್ದರೆ ಉಳಿಸಬಹುದು. ಬ್ರಾಕೆಟ್ಟು, ಬೋಲ್ಟುಗಳನ್ನು ತುಕ್ಕು ತಿಂದಿದ್ದರೆ ಅವನ್ನು ತೆಗೆಯಲೇಬೇಕು. ಜಾಲರಿ ಬಾಗಿಲು ಮತ್ತು ರಿಲೇ ಪ್ಯಾನೆಲ್ ಉಳಿಸುವ ಮಾತೇ ಬೇಡ. ಕರೆಂಟು ಹೋದಾಗ ಬ್ಯಾಟರಿಯ ಬಲದಿಂದ ಹತ್ತಿರದ ಅಂತಸ್ತಿಗೆ ತಂದು ಬಾಗಿಲು ತೆರೆಯುವ ಎಆರ್‌ಡಿ ಇರಲೇಬೇಕು. ಸ್ಟೇನ್‌ಲೆಸ್ ಸ್ಟೀಲ್ 304 ದರ್ಜೆಯ ಬದಲು 316 ದರ್ಜೆ ಎಂದು ಬರೆಸಿ. ಅದರಲ್ಲಿ ಮಾಲಿಬ್ಡಿನಮ್ ಇರುವುದರಿಂದ ಉಪ್ಪುಗಾಳಿಯನ್ನು ಹೆಚ್ಚು ತಾಳುತ್ತದೆ. ಮಷಿನ್ ರೂಮ್ (ಮೋಟರು ಇಡುವ ಪ್ರತ್ಯೇಕ ಕೋಣೆ) ಬೇಡದ ಮಾದರಿಯನ್ನು ಮಾರುವವರು ಬಹಳ ಹೊಗಳುತ್ತಾರೆ. ಆದರೆ ಬದಿಗಳು ತೆರೆದಿರುವ ಕಟ್ಟಡದಲ್ಲಿ ಯಂತ್ರವನ್ನು ಲಿಫ್ಟ್ ಓಡಾಡುವ ಶಾಫ್ಟಿನೊಳಗೇ ಇಟ್ಟರೆ ಕಡಲಗಾಳಿ ನೇರವಾಗಿ ತಗಲುತ್ತದೆ; ಮುಚ್ಚಿದ ಮಷಿನ್ ರೂಮ್ ಈಗಾಗಲೇ ಇದ್ದರೆ ಅದನ್ನು ಬಿಟ್ಟುಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಉತ್ತರ: ಗಾಲಿಕುರ್ಚಿ ಬಳಸುವವಳು, ಕುಮಟಾ

ಬಾಗಿಲಿನ ಅಗಲದ ಬಗ್ಗೆಯೂ ದಯವಿಟ್ಟು ಬರೆಯಿರಿ. ತೆರೆದಾಗ 900 ಮಿ.ಮೀ. ಜಾಗ ಸಿಗಬೇಕು. ಶಾಫ್ಟ್ ಕಿರಿದಾಗಿದ್ದರೆ ನಡುವಿನಿಂದ ತೆರೆಯುವ ಬಾಗಿಲಿಗಿಂತ ಒಂದೇ ಬದಿಗೆ ಸರಿಯುವ ಎರಡು ಹಲಗೆಯ ಬಾಗಿಲು ಹೆಚ್ಚು ಅಗಲ ಕೊಡುತ್ತದೆ. ಇರಿಚಲು ನೀರು ಶಾಫ್ಟಿಗೆ ನುಗ್ಗದಂತೆ ಹೊಸ್ತಿಲು ಎತ್ತರಿಸುವುದು ಸರಿಯೇ, ಆದರೆ ಅದನ್ನು ಮೆಟ್ಟಿಲಾಗಿ ಕಟ್ಟಿದರೆ ನಾವು ಹೊರಗೇ ಉಳಿಯುತ್ತೇವೆ; ಹಗುರವಾದ ಇಳಿಜಾರು ಕೊಡಲಿ. ಕೆಲಸ ನಡೆಯುವಷ್ಟು ಕಾಲ ನೆಲ ಅಂತಸ್ತಿನ ಜಾಗಗಳನ್ನು ಅಂಗವಿಕಲರಿಗೂ ಹಿರಿಯರಿಗೂ ಕಾಯ್ದಿರಿಸುವಂತೆ ಕೇಳಿ. ಇದು ಯಾರ ದಯೆಯೂ ಅಲ್ಲ, ಸಾರ್ವಜನಿಕ ಕಟ್ಟಡಗಳಿಗೆ ಸುಗಮ ಪ್ರವೇಶವನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳಿದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಹೊಸ್ತಿಲಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಪರವಾನಗಿ ಮತ್ತು ಮುಂದಿನ ನಿರ್ವಹಣೆಯ ಬಗ್ಗೆ ತಿಳಿದವರು ಹೇಳುವಿರಾ?

ಉತ್ತರ: ನಿವೃತ್ತ ಎಂಜಿನಿಯರ್, ಶಿರಸಿ

ಕರ್ನಾಟಕದಲ್ಲಿ ಲಿಫ್ಟುಗಳಿಗೆ 2012ರ ಪ್ರತ್ಯೇಕ ಕಾಯ್ದೆಯಿದೆ. ಕೂರಿಸಲು ಅನುಮತಿ, ನಡೆಸಲು ಪರವಾನಗಿ ಎರಡೂ ಬೇಕು, ತಪಾಸಣೆ ವಿದ್ಯುತ್ ಪರಿವೀಕ್ಷಣಾಲಯದ್ದು. ಅದಕ್ಕಿಂತ ನೀವು ಗಟ್ಟಿಯಾಗಿ ಹಿಡಿಯಬೇಕಾದದ್ದು ಟೆಂಡರಿನ ಷರತ್ತುಗಳನ್ನು. ಪಿಟ್ಟಿನ ಕೆಲಸ, 316 ಸ್ಟೀಲು, ಬಾಗಿಲಿನ ಅಗಲ ಇವು ಟೆಂಡರ್ ಕರೆಯುವ ಮೊದಲೇ ಷರತ್ತಿನಲ್ಲಿ ಸೇರದಿದ್ದರೆ, ಅವನ್ನು ಬಿಟ್ಟು ದರ ಇಳಿಸಿದವರಿಗೇ ಕೆಲಸ ಹೋಗುತ್ತದೆ. ಐದು ವರ್ಷಗಳ ನಿರ್ವಹಣೆಯ ದರವನ್ನೂ ಅದೇ ಟೆಂಡರಿನಲ್ಲಿ ಕೇಳಲಿ. ಪ್ಯಾನೆಲ್ಲಿನ ಪಾಸ್‌ವರ್ಡ್, ವೈರಿಂಗ್ ನಕ್ಷೆ, ಸರ್ವಿಸ್ ಉಪಕರಣಗಳನ್ನು ಕಟ್ಟಡದ ಮಾಲೀಕರಿಗೆ ಒಪ್ಪಿಸಿದ ಮೇಲೆಯೇ ಕೊನೆಯ ಬಿಲ್ಲು ಪಾವತಿಯಾಗಬೇಕು. ಇಲ್ಲದಿದ್ದರೆ ಲಿಫ್ಟ್ ಕೆಟ್ಟಾಗಲೆಲ್ಲ ಅದೇ ಕಂಪನಿಯವರು ಬರುವ ತನಕ ಕಾಯಬೇಕಾಗುತ್ತದೆ.