ಅಪ್‌ಡೇಟ್: ಗುಜರಿಯ ರಂದಾ ಕೆಲಸಕ್ಕೆ ಬಂತು

ಬೆಳಗಾವಿಯ ಗುಜರಿ ಅಂಗಡಿಯಲ್ಲಿ ಸಿಕ್ಕ ಸ್ಟ್ಯಾನ್ಲಿ ಕಂಪನಿಯ ನಂಬರ್ 4 ರಂದಾಕ್ಕೆ (ಮರ ಹೆರೆದು ನುಣುಪು ಮಾಡುವ ಸಾಧನ) ಪೂರ್ತಿ ತುಕ್ಕು ಹಿಡಿದಿದೆ, ಸರಿ ಹೋಗುತ್ತಾ ಅಂತ ಕೇಳಿದ್ದೆ ಅಲ್ವಾ? ಸರಿ ಹೋಯಿತು.

ಅಲಗು ಮತ್ತು ಅದರ ಮೇಲೆ ಕೂರುವ ತಗಡನ್ನು ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಹಾಕಿದೆ. ಬೆಳಿಗ್ಗೆ ಬ್ರಶ್ಶಿನಿಂದ ತಿಕ್ಕಿದರೆ ತುಕ್ಕು ಕಪ್ಪು ಕೆಸರಿನ ಹಾಗೆ ಬಿಟ್ಟು ಬಂತು. ಆಮೇಲೆ ಅಡುಗೆ ಸೋಡಾ ಬೆರೆಸಿದ ನೀರಲ್ಲಿ ತೊಳೆದು, ಒರೆಸಿ, ತಕ್ಷಣ ಎಣ್ಣೆ ಹಚ್ಚಬೇಕು. ಸುಮ್ನೆ ಬಿಟ್ಟರೆ ಮತ್ತೆ ತುಕ್ಕು ಏರುತ್ತದೆ. ತಳವನ್ನು ಗಾಜಿಗೆ ಅಂಟಿಸಿದ ಪಾಲಿಶ್ ಪೇಪರ್ ಮೇಲೆ ಉಜ್ಜಿದೆ. ಬಲು ಬೇಜಾರಿನ ಕೆಲಸ ಅದು.

ಅಲಗನ್ನು 25 ಡಿಗ್ರಿಗೆ ಮಸೆದೆ. ಜಾಸ್ತಿ ಉಪಯೋಗಕ್ಕೆ ಬಂದದ್ದು ನಿಮ್ಮಲ್ಲೊಬ್ಬರು ಹೇಳಿದ ಮಾತು: ಮೇಲಿನ ತಗಡನ್ನು ಅಲಗಿನ ಅಂಚಿಗೆ ಅರ್ಧ ಮಿಲಿಮೀಟರ್ ಹತ್ತಿರ ತಂದು ಬಿಗಿ ಮಾಡಿ. ಹಾಗೆ ಮಾಡಿದ ಮೇಲೆ ಮರದ ಎಳೆ ತಿರುಗಿದ ಕಡೆಯೂ ಸಾಗವಾನಿ ಕಿತ್ತು ಬರಲಿಲ್ಲ. ಹೆರೆದು ಬಂದ ಸುರುಳಿ ಎಷ್ಟು ತೆಳು ಅಂದರೆ, ಹಿಂದಿದ್ದ ನನ್ನ ಬೆರಳು ಕಾಣುತ್ತಿತ್ತು.

ಪಕ್ಕದ ಓಣಿಯ ಬಡಿಗೇರ ಕಾಕಾ ನೋಡಿ, "ಮಾರ್ತಿಯೇನಪಾ?" ಅಂದರು. "ಇಲ್ಲ ಕಾಕಾ" ಅಂದೆ.

ಹಿಂದಿನ ಮರದ ಹಿಡಿಕೆ ಮಾತ್ರ ಬಿರುಕು ಬಿಟ್ಟಿದೆ. ಫೆವಿಕಾಲ್ ಹಾಕಿ ಬಿಗಿದರೆ ಸಾಕಾ, ಹೊಸದೇ ಮಾಡಿಕೊಳ್ಳಬೇಕಾ?